ಚಾಚಿದ ಕಾಲೇ ಮಣೆ: ಹೊರಗೆ ಹೋದಾಗ ಕೂಸಿನ ಡೈಪರ್ ಬದಲಿಸುವ ಬಗೆ

ವಿಜಯಪುರದಿಂದ ಬೆಳಗಾವಿಗೆ ಸುಮಾರು 200 ಕಿಲೋಮೀಟರ್. ಬಸ್ಸಿನಲ್ಲಿ ಐದು ತಾಸಿನ ಹಾದಿ. ಆರು ತಿಂಗಳ ಕೂಸಿಗೆ ಅಷ್ಟರೊಳಗೆ ಎರಡು ಸಲವಾದರೂ ಡೈಪರ್ ಬದಲಿಸಬೇಕಾಗುತ್ತದೆ, ಅದರಲ್ಲಿ ಒಂದು ಕಕ್ಕದ್ದೇ ಆಗಿರಬಹುದು. ಜಮಖಂಡಿ, ಮುಧೋಳ, ಯರಗಟ್ಟಿಯಲ್ಲಿ ಬಸ್ಸು ನಿಂತಾಗ ಸಿಗುವುದು ಐದೋ ಹತ್ತೋ ನಿಮಿಷ, ಒಂದು ಕಲ್ಲಿನ ಕಟ್ಟೆ, ಒಂದು ನಳ. ವಿಮಾನ ನಿಲ್ದಾಣದಲ್ಲಿ, ದೊಡ್ಡ ಮಾಲ್‌ಗಳಲ್ಲಿ ಕೂಸನ್ನು ಮಲಗಿಸಲು ಗೋಡೆಗೆ ಜೋಡಿಸಿದ ಮಡಚುವ ಮೇಜು ಇರುತ್ತದೆ. ನಮ್ಮ ಕಡೆ ಅದನ್ನು ನಂಬಿ ಮನೆ ಬಿಡುವ ಹಾಗಿಲ್ಲ.

ಮೇಜು ಇಲ್ಲದಿದ್ದರೂ ನಡೆಯುತ್ತದೆ. ಕೂಸಿಗೆ ಎರೆಯುವ ಅಜ್ಜಿಯರು ಬಚ್ಚಲಲ್ಲಿ ಕುಳಿತು ಎರಡೂ ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕುವುದನ್ನು ನಾವೆಲ್ಲ ನೋಡಿದ್ದೇವೆ. ಡೈಪರ್ ಬದಲಿಸಲಿಕ್ಕೂ ಹೊರಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಎರಡು ಕಾಲುಗಳ ನಡುವಿನ ತಗ್ಗು ಕೂಸಿನ ಬೆನ್ನನ್ನು ನೇರವಾಗಿ ಹಿಡಿದಿಡುತ್ತದೆ, ಅತ್ತಿತ್ತ ಹೊರಳಲು ಬಿಡುವುದಿಲ್ಲ. ಮೇಜಿನಿಂದಲೋ ಬಸ್ಸಿನ ಸೀಟಿನಿಂದಲೋ ಕೂಸು ಉರುಳಿದರೆ ಪೆಟ್ಟು ದೊಡ್ಡದು. ನೆಲದ ಮೇಲೆ ಕುಳಿತವರ ಕಾಲಿನಿಂದ ಬೀಳಲು ಎತ್ತರವೇ ಇರುವುದಿಲ್ಲ.

ಸುರುಳಿ ಕಟ್ಟುವುದು

ಅರ್ಧ ಕೆಲಸ ಮನೆಯಲ್ಲೇ ಮುಗಿಯಬೇಕು. ಡೈಪರ್ ಒಂದು ಕಡೆ, ವೈಪ್ಸ್ ಇನ್ನೊಂದು ಕಡೆ, ಕ್ರೀಮ್ ಮತ್ತೊಂದು ಜೇಬಿನಲ್ಲಿ ಇಟ್ಟುಕೊಂಡರೆ ಒಂದು ಕೈಯಲ್ಲಿ ಕೂಸಿನ ಕಾಲು ಹಿಡಿದು ಇನ್ನೊಂದು ಕೈಯಿಂದ ಚೀಲದಲ್ಲಿ ತಡಕಾಡಬೇಕಾಗುತ್ತದೆ. ಅದರ ಬದಲು ಒಂದೊಂದು ಸಲಕ್ಕೆ ಒಂದೊಂದು ಸುರುಳಿ ಮಾಡಿಡಿ. ದಿನಪತ್ರಿಕೆಯ ಒಂದು ಹಾಳೆ ಹಾಸಿ, ಅದರ ಮೇಲೆ ಒಂದು ಡೈಪರ್, ನಾಲ್ಕೈದು ಅರಿವಿ ತುಂಡು ಅಥವಾ ವೈಪ್ಸ್, ಒಂದು ಖಾಲಿ ಬ್ರೆಡ್ಡಿನ ಕವರೋ ಸಕ್ಕರೆಯ ಕವರೋ ಇಟ್ಟು, ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ. ಹೊರಗೆ ಒಂದೇ ಕೈಯಲ್ಲಿ ಒಂದು ಸುರುಳಿ ಎಳೆದರೆ ಬೇಕಾದದ್ದೆಲ್ಲ ಬಂತು. ಕವರನ್ನು ಮನೆಯಿಂದಲೇ ಒಯ್ಯಿರಿ. ಕರ್ನಾಟಕದಲ್ಲಿ 2016ರಿಂದ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧವಿದೆ, ಅಂಗಡಿಯಲ್ಲಿ ಕೇಳಿದರೆ ಸಿಕ್ಕೀತು ಎಂದು ಕೂಡಬಾರದು.

ಎಷ್ಟು ಸುರುಳಿ ಬೇಕು? ಹೊರಗಿರುವ ತಾಸುಗಳನ್ನು ಎರಡೂವರೆಯಿಂದ ಭಾಗಿಸಿ, ಬಂದದ್ದಕ್ಕೆ ಎರಡು ಸೇರಿಸಿ. ಐದು ತಾಸಿಗೆ ನಾಲ್ಕು, ಹತ್ತು ತಾಸಿಗೆ ಆರು. ಹುಟ್ಟಿ ಇನ್ನೂ ಒಂದು ತಿಂಗಳಾಗದ ಕೂಸಾದರೆ ಎರಡೂವರೆಯ ಬದಲು ಎರಡರಿಂದ ಭಾಗಿಸಿ. ಹೀಗೆ ಹೆಚ್ಚಿಗೆ ಸೇರಿಸಿದ ಎರಡು ಸುರುಳಿ, ಬಸ್ಸು ಕೆಟ್ಟು ನಿಂತಾಗ, ಅಥವಾ ಹೊಸ ಡೈಪರ್ ಹಾಕಿದ ಮರುಕ್ಷಣವೇ ಕೂಸು ಕಕ್ಕ ಮಾಡಿದಾಗ ಕೈಗೆ ಬರುತ್ತವೆ. ಹೊಸ ಡೈಪರಿನ ತಂಪಿಗೆ ಹಾಗಾಗುವುದು ಬಹಳ ಸಾಮಾನ್ಯ.

ಅಳತೆಯನ್ನು ವಯಸ್ಸಿನಿಂದ ಲೆಕ್ಕ ಹಾಕಬೇಡಿ, ತೂಕ ನೋಡಿ. ಹೆಚ್ಚಿನ ಪ್ಯಾಕೆಟ್‌ಗಳ ಮೇಲೆ ಸ್ಮಾಲ್ 4ರಿಂದ 8 ಕೆ.ಜಿ., ಮೀಡಿಯಂ 7ರಿಂದ 12, ಲಾರ್ಜ್ 9ರಿಂದ 14 ಎಂದು ಇರುತ್ತದೆ. ಈ ಅಳತೆಗಳು ಒಂದರ ಮೇಲೊಂದು ಹಾಯುವುದನ್ನು ಗಮನಿಸಿ. ಏಳೂವರೆ ಕೆ.ಜಿ. ಕೂಸಿಗೆ ಎರಡೂ ಆಗುತ್ತದೆ. ಪ್ರಯಾಣಕ್ಕೆ ದೊಡ್ಡದನ್ನೇ ಆರಿಸಿ. ಸಣ್ಣದಾದ ಡೈಪರ್ ಬೆನ್ನಿನ ಕಡೆಯಿಂದ ಸೋರುತ್ತದೆ, ಬಸ್ಸಿನಲ್ಲಿ ಎಲ್ಲಕ್ಕಿಂತ ತ್ರಾಸು ಕೊಡುವುದು ಆ ಸೋರಿಕೆಯೇ.

ಚಡ್ಡಿ ತರಹದ್ದೋ, ಟೇಪಿನದೋ? ಕೂಸು ಇನ್ನೂ ಮಲಗಿಯೇ ಇರುತ್ತದೆ ಎಂದರೆ ಟೇಪಿನದು ಮೇಲು, ಬೂಟು, ಕಾಲ್ಚೀಲ ಬಿಚ್ಚದೆ ಬದಲಿಸಬಹುದು. ಎದ್ದು ನಿಲ್ಲುವ ಕೂಸಿಗೆ ಚಡ್ಡಿ ತರಹದ್ದು. ಪೇಟೆಯಲ್ಲಿ ಹೆಚ್ಚು ಸಿಗುವುದು ಅದೇ, ಮೆಡಿಕಲ್ ಅಂಗಡಿಗಳಲ್ಲಿ ಬಿಡಿಯಾಗಿಯೂ ಕೊಡುತ್ತಾರೆ.

ವೈಪ್ಸ್ ಇದ್ದರೆ ಸರಿ, ಇಲ್ಲದಿದ್ದರೆ ಹಳೇ ಧೋತರ. ಹತ್ತಿಪ್ಪತ್ತು ಸಲ ಒಗೆದು ಮೆತ್ತಗಾದ ಧೋತರವನ್ನು ಗೇಣಗಲ ಚೌಕವಾಗಿ ಕತ್ತರಿಸಿಡಿ. ನೀರು ಚಿಮುಕಿಸಿ ಒರೆಸಿದರೆ ವೈಪ್ಸಿಗಿಂತ ಚೆನ್ನಾಗಿ ಮಲ ಹಿಡಿಯುತ್ತದೆ, ವಾಸನೆಯ ರಾಸಾಯನಿಕ ಇರುವುದಿಲ್ಲ, ಚರ್ಮ ಉರಿಯುವ ಕೂಸಿಗೂ ನಡೆಯುತ್ತದೆ. ವೈಪ್ಸ್ ಒಯ್ಯುವವರು ಮುಚ್ಚಳ ಸರಿಯಾಗಿ ಅಂಟಿದೆಯೋ ನೋಡಿ. ಏಪ್ರಿಲ್ ಬಿಸಿಲಿನಲ್ಲಿ ಅರೆ ತೆರೆದ ಪ್ಯಾಕೆಟ್ ಒಂದೇ ದಿನಕ್ಕೆ ಒಣಗುತ್ತದೆ.

ನೀರಿಗೆ ಅರ್ಧ ಲೀಟರಿನ ಬಾಟಲಿ ಸಾಕು. ಅದಕ್ಕೆ ಒಂದು ಹೆಚ್ಚುವರಿ ಮುಚ್ಚಳ ಹುಡುಕಿ, ಕಾಯಿಸಿದ ಸೂಜಿಯಿಂದ ನಾಲ್ಕೈದು ತೂತು ಮಾಡಿ. ಬಾಟಲಿ ಬಗ್ಗಿಸಿ ಒತ್ತಿದರೆ ಸಣ್ಣ ಧಾರೆ ಬರುತ್ತದೆ, ಚರಿಗೆಯಿಂದ ಸುರಿದ ಹಾಗೆ ಒಮ್ಮೆಲೇ ಹರಿದು ಹೋಗುವುದಿಲ್ಲ. ಒಂದು ಸಲ ತೊಳೆಯಲು ಕಾಲು ಲೀಟರ್ ಹಿಡಿಯುತ್ತದೆ. ಕಾರಿನಲ್ಲೋ ಬಸ್ಸಿನ ಕಿಟಕಿ ಪಕ್ಕದಲ್ಲೋ ಇಟ್ಟ ಬಾಟಲಿಯ ನೀರು ಬೇಸಿಗೆಯಲ್ಲಿ ಕೂಸಿನ ಚರ್ಮಕ್ಕೆ ತಾಳದಷ್ಟು ಕಾಯುತ್ತದೆ. ಮೊದಲು ನಿಮ್ಮ ಮಣಿಕಟ್ಟಿನ ಮೇಲೆ ಹಾಕಿ ನೋಡಿಕೊಳ್ಳಿ.

ಬಟ್ಟೆಯ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ. ಪ್ರಯಾಣಕ್ಕೆ ಝಬಲಾ. ಮುಂದೆ ದಾರ ಕಟ್ಟುವ ಹತ್ತಿಯ ಝಬಲಾ ಹೊಲಸಾದರೆ ಬಿಚ್ಚಿ ಬದಿಗೆ ಸರಿಸಬಹುದು. ತಲೆಯಿಂದ ಕಾಲಿನವರೆಗೆ ಒಂದೇ ಆಗಿರುವ ಅಂಗಿ ಹಾಕಿದ್ದರೆ, ಹೊಲಸು ಬೆನ್ನಿಗೆ ಹತ್ತಿದಾಗ ಅದನ್ನು ತಲೆಯ ಮೇಲಿಂದ ಎಳೆಯಬೇಡಿ, ಕೂದಲಿಗೂ ಮುಖಕ್ಕೂ ಹತ್ತುತ್ತದೆ. ಅಂಥ ಅಂಗಿಯ ಹೆಗಲ ಮೇಲೆ ಬಟ್ಟೆ ಒಂದರ ಮೇಲೊಂದು ಮಡಚಿಕೊಂಡಿದ್ದರೆ, ಕೊರಳನ್ನು ಅಗಲಿಸಿ ಹೆಗಲಿನಿಂದ ಕೆಳಕ್ಕೆ, ಕಾಲಿನ ಕಡೆಯಿಂದ ತೆಗೆಯಬಹುದು. ಆ ಮಡಿಕೆ ಇರುವುದೇ ಅದಕ್ಕೆ.

ಎಲ್ಲಿ ಕೂಡಬೇಕು

ಒಣ ನೆಲ, ಬೆನ್ನಿಗೆ ಆಸರೆ, ನೆರಳು. ಈ ಮೂರು ಸಿಕ್ಕರೆ ಮುಗಿಯಿತು. ಕೆಲವು ದೊಡ್ಡ ಬಸ್ ನಿಲ್ದಾಣಗಳಲ್ಲಿ ಕೂಸಿಗೆ ಹಾಲುಣಿಸುವ ಕೋಣೆ ಇರುತ್ತದೆ. ಫಲಕ ಕಾಣದಿದ್ದರೆ ಕಂಟ್ರೋಲರ್ ಕೂಡುವ ಕಿಟಕಿಯಲ್ಲಿ ಕೇಳಿ, ಬೀಗ ಹಾಕಿದ್ದರೆ ಕೀಲಿ ಯಾರ ಹತ್ತಿರ ಇದೆ ಎಂದು ಅಲ್ಲೇ ಗೊತ್ತಾಗುತ್ತದೆ. ಸಂಡಾಸಿನ ಒಳಗೆ ಮಾತ್ರ ಬೇಡ. ನೆಲ ಒದ್ದೆ, ಜಾಗ ಇಕ್ಕಟ್ಟು, ಚೀಲ ಇಡಲು ಗೂಟ ಇರುವುದಿಲ್ಲ. ಕೈ ತೊಳೆಯಲು ಮಾತ್ರ ಅಲ್ಲಿಗೆ ಹೋಗಿ.

ಪೇಟೆಯಲ್ಲಿದ್ದರೆ ಸೀರೆ ಅಂಗಡಿಗಿಂತ ಒಳ್ಳೆಯ ಜಾಗ ಇಲ್ಲ. ಗಾದಿ ಹಾಸಿರುತ್ತಾರೆ, ಫ್ಯಾನ್ ಇರುತ್ತದೆ, ಹೆಣ್ಣುಮಕ್ಕಳು ಬಂದು ಹೋಗುವ ಜಾಗ. "ಯಕ್ಕಾ, ಕೂಸಿನ ಅರಿವಿ ಬದಲಿ ಮಾಡಬೇಕ್ರಿ, ಇಲ್ಲೇ ಬಾಜೂಕ ಒಂದೈದು ನಿಮಿಷ ಕೂಡ್ಲೇನ್ರಿ?" ಎಂದು ಕೇಳಿದರೆ ಒಲ್ಲೆ ಎನ್ನುವವರು ಅಪರೂಪ. ಕೂಸನ್ನು ಅವರ ಗಾದಿಯ ಮೇಲೆ ಹಾಕಬೇಡಿ, ನಿಮ್ಮ ಕಾಲ ಮೇಲೆಯೇ ಇರಲಿ. ಹೊಲಸಾದ ಡೈಪರನ್ನೂ ಅಲ್ಲಿ ಬಿಟ್ಟು ಬರಬೇಡಿ.

ಮರದ ಕೆಳಗೆ ಕೂಡುವಾಗ ಹಾಸುವ ಮೊದಲು ಇರುವೆ ಸಾಲು ಹುಡುಕಿ. ಎರೆ ಭೂಮಿಯ ಕಡೆ ಗಾಳಿ ಬಿಟ್ಟರೆ ಧೂಳು ಹಾರಿ ಕ್ರೀಮಿಗೂ ಚರ್ಮಕ್ಕೂ ಅಂಟಿಕೊಳ್ಳುತ್ತದೆ, ಗಾಳಿಗೆ ಬೆನ್ನು ಮಾಡಿ ಕುಳಿತರೆ ನಿಮ್ಮ ಮೈಯೇ ಮರೆಯಾಗುತ್ತದೆ. ಬೆಳಗಾವಿಯ ಮಳೆಗಾಲದ ಗಾಳಿಗೂ ಇದೇ ಉಪಾಯ.

ಬದಲಿಸುವುದು

ಬೆನ್ನನ್ನು ಗೋಡೆಗೋ ಕಂಬಕ್ಕೋ ಕೊಟ್ಟು ಕಾಲು ಚಾಚಿ ಕುಳಿತುಕೊಳ್ಳಿ. ಎರಡೂ ಕಾಲು ಕೂಡಿರಲಿ, ಮೊಣಕಾಲು ತುಸು ಎತ್ತಿರಲಿ. ತೊಡೆಯಿಂದ ಪಾದದವರೆಗೆ ಒಂದು ರಬ್ಬರ್ ಹಾಳೆ, ಅದರ ಮೇಲೆ ಸಣ್ಣ ಕೌದಿ ಅಥವಾ ನಾಲ್ಕು ಮಡಿಕೆಯ ಪಂಜೆ. ಕೂಸಿನ ತಲೆ ನಿಮ್ಮ ಪಾದದ ಕಡೆ, ಕಾಲು ನಿಮ್ಮ ಹೊಟ್ಟೆಯ ಕಡೆ. ಕುಂಡೆ ಮೊಣಕಾಲಿನಿಂದ ಈಚೆ, ತೊಡೆಯ ಮೇಲೆ ಬರಬೇಕು. ಹೀಗೆ ಮಲಗಿಸಿದರೆ ಕೂಸಿಗೆ ನಿಮ್ಮ ಮುಖ ಕಾಣುತ್ತದೆ, ಅಳು ಕಡಿಮೆ.

ಸುರುಳಿ ಬಿಚ್ಚಿ ಬಲಗೈ ಬದಿಗೆ ಇಡಿ. ಕವರಿನ ಬಾಯಿ ತೆರೆದಿಡಿ. ಅರಿವಿ ತುಂಡುಗಳನ್ನು ಈಗಲೇ ಒದ್ದೆ ಮಾಡಿ, ಚಳಿಗಾಲವಾದರೆ ಕ್ಷಣ ಹೊತ್ತು ಮುಷ್ಟಿಯಲ್ಲಿ ಹಿಡಿದು ಬೆಚ್ಚಗಾಗಿಸಿ.

ಹಳೆಯದನ್ನು ಬಿಚ್ಚುವ ಮೊದಲು ಹೊಸದನ್ನು ಅದರ ಕೆಳಗೆ ಹಾಸಿ. ಹೊರಗೆ ಬದಲಿಸುವಾಗ ಆಗುವ ಅರ್ಧ ಅನಾಹುತಗಳು ಈ ಒಂದು ಹೆಜ್ಜೆ ಬಿಟ್ಟದ್ದರಿಂದಲೇ ಆಗುತ್ತವೆ. ಟೇಪಿನ ಡೈಪರಾದರೆ ಬಿಡಿಸಿ, ಟೇಪು ಇರುವ ಬದಿ ಬೆನ್ನಿಗೆ, ಹೊಕ್ಕುಳ ಮಟ್ಟದವರೆಗೆ ಬರುವಂತೆ ಸರಿಸಿ. ನಡುವೆ ಉಚ್ಚೆ ಹೊಯ್ದರೂ ಹೊಸದರ ಮೇಲೆ ಬೀಳುತ್ತದೆ, ನಿಮ್ಮ ಸೀರೆಯ ಮೇಲಲ್ಲ. ಚಡ್ಡಿ ತರಹದ್ದನ್ನು ಹೀಗೆ ಹಾಸಲು ಬರುವುದಿಲ್ಲ, ಅದರ ಬದಲು ಒಂದು ಮಡಚಿದ ಅರಿವಿ ಹಾಸಿ.

ಹಳೆಯದು ಚಡ್ಡಿ ತರಹದ್ದಾದರೆ ಕಾಲಿನಿಂದ ಕೆಳಗೆ ಎಳೆಯಬೇಡಿ. ಸೊಂಟದ ಎರಡೂ ಬದಿಯ ಹೊಲಿಗೆ ಹರಿಯಲೆಂದೇ ಮಾಡಿದ್ದು. ಮೇಲಿನಿಂದ ಕೆಳಕ್ಕೆ ಹರಿದರೆ ಟೇಪಿನದರಂತೆ ತೆರೆದುಕೊಳ್ಳುತ್ತದೆ, ಮಲ ತೊಡೆಗೆ ಸವರುವುದಿಲ್ಲ. ಮುಂಭಾಗವನ್ನು ಕೆಳಗಿಳಿಸುವಾಗ ಅದರಿಂದಲೇ ಮುಂದಿನಿಂದ ಹಿಂದಕ್ಕೆ ಒಮ್ಮೆ ಒರೆಸಿದರೆ ಬಹುಪಾಲು ಮಲ ಬಂದುಬಿಡುತ್ತದೆ. ಆಮೇಲೆ ಆ ಭಾಗವನ್ನು ಒಳಕ್ಕೆ ಮಡಚಿ ಕುಂಡೆಯ ಕೆಳಗೆ ಬಿಡಿ, ಚೊಕ್ಕ ಬದಿ ಮೇಲೆ ಬರುತ್ತದೆ.

ಎರಡೂ ಪಾದಗಳನ್ನು ಒಂದೇ ಕೈಯಲ್ಲಿ ಹಿಡಿಯುವಾಗ ಹರಡುಗಳ ನಡುವೆ ನಿಮ್ಮ ತೋರುಬೆರಳು ಇರಲಿ, ಎಲುಬಿಗೆ ಎಲುಬು ತಿಕ್ಕಬಾರದು. ಕುಂಡೆ ಎರಡು ಬೆರಳಷ್ಟು ಎದ್ದರೆ ಸಾಕು. ಎಳೆಯ ಕೂಸಾದರೆ ಎತ್ತುವುದೂ ಬೇಡ, ಹಗೂರಕ್ಕೆ ಒಂದು ಮಗ್ಗುಲಿಗೆ ಹೊರಳಿಸಿ ಒರೆಸಿ. ಹೆಣ್ಣು ಕೂಸಿಗೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ತಿರುಗಿ ಒರೆಸಿದರೆ ಮಲದ ರೋಗಾಣು ಮೂತ್ರದ ದಾರಿಗೆ ಹೋಗುತ್ತದೆ. ಗಂಡು ಕೂಸಿಗೆ ತೆರೆದ ಕೂಡಲೇ ಒಂದು ಅರಿವಿ ಮೇಲೆ ಹಾಕಿ, ತಂಗಾಳಿ ತಾಗಿದರೆ ಉಚ್ಚೆ ಚಿಮ್ಮುತ್ತದೆ. ಮುಂದೊಗಲನ್ನು ಹಿಂದೆ ಎಳೆದು ತೊಳೆಯಬೇಡಿ.

ತೊಡೆಯ ಸಂದಿಗಳಲ್ಲಿ ಉಳಿದದ್ದನ್ನು ಮರೆಯುವವರು ಬಹಳ. ದುಂಡಗಿನ ಕೂಸಿಗೆ ಅಲ್ಲಿ ಎರಡು ಮೂರು ಮಡಿಕೆ ಇರುತ್ತವೆ, ಬೆರಳಿಂದ ಅಗಲಿಸಿ ಒರೆಸಿ. ಒಣ ಅರಿವಿಯಿಂದ ಒತ್ತಿ ಒಣಗಿಸಿ, ತಿಕ್ಕಬೇಡಿ. ಅವಸರವಿಲ್ಲದಿದ್ದರೆ ಎರಡು ನಿಮಿಷ ಗಾಳಿಗೆ ಬಿಡಿ. ಚರ್ಮ ಕೆಂಪಾಗಿದ್ದರೆ ಆಮೇಲೆ ಝಿಂಕ್ ಆಕ್ಸೈಡ್ ಇರುವ ಕ್ರೀಮ್. ಒದ್ದೆ ಚರ್ಮದ ಮೇಲೆ ಹಚ್ಚಿದರೆ ನೀರನ್ನೇ ಒಳಗೆ ಮುಚ್ಚಿಟ್ಟಂತೆ. ಗೋಡೆಗೆ ಗಿಲಾವ್ ಮಾಡಿದ ಹಾಗೆ ಬಳಿದರೆ ಡೈಪರಿನ ಮೇಲ್ಪದರದ ರಂಧ್ರ ಮುಚ್ಚಿ ಹೀರುವುದು ಕಡಿಮೆಯಾಗುತ್ತದೆ. ಪೌಡರ್ ಬೇಡವೇ ಬೇಡ. ಹಾರಿದ ಪುಡಿ ಕೂಸಿನ ಉಸಿರಿಗೆ ಹೋಗುತ್ತದೆ, ಸಂದಿಯಲ್ಲಿ ಬೆವರಿನ ಜೊತೆ ಮುದ್ದೆಯಾಗುತ್ತದೆ.

ಕ್ರೀಮ್ ಹಚ್ಚಿದ ಬೆರಳಿನಿಂದ ಟೇಪು ಮುಟ್ಟಿದರೆ ಅದು ಮತ್ತೆ ಅಂಟುವುದಿಲ್ಲ. ಕ್ರೀಮಿಗೆ ಎಡಗೈಯ ಕಿರುಬೆರಳು ಬಳಸಿ. ಹೊಸದನ್ನು ಕಟ್ಟುವಾಗ ಹೊಟ್ಟೆಯ ಹತ್ತಿರ ಎರಡು ಬೆರಳು ಹೋಗುವಷ್ಟು ಸಡಿಲ ಇರಲಿ. ಗಂಡು ಕೂಸಿನ ಶಿಶ್ನ ಕೆಳಮುಖವಾಗಿರಬೇಕು, ಮೇಲ್ಮುಖವಾಗಿದ್ದರೆ ಹೊಟ್ಟೆಯ ಕಡೆಯಿಂದ ಅಂಗಿ ತೋಯುತ್ತದೆ. ಹೊಕ್ಕುಳ ಬಳ್ಳಿ ಇನ್ನೂ ಬಿದ್ದಿಲ್ಲವಾದರೆ ಡೈಪರಿನ ಮುಂದಿನ ಅಂಚನ್ನು ಅದರ ಕೆಳಗೆ ಮಡಚಿ. ಕೊನೆಗೆ ತೊಡೆಯ ಸುತ್ತ ಬೆರಳಾಡಿಸಿ, ಒಳಗೆ ಸಿಕ್ಕಿಕೊಂಡ ಸಣ್ಣ ನೆರಿಗೆಯನ್ನು ಹೊರಕ್ಕೆ ತೆಗೆಯಿರಿ. ತೊಡೆಯ ಕಡೆಯಿಂದ ಸೋರುವುದಕ್ಕೆ ಹತ್ತರಲ್ಲಿ ಒಂಬತ್ತು ಸಲ ಈ ನೆರಿಗೆಯೇ ಕಾರಣ, ಡೈಪರಿನ ಕಂಪನಿ ಅಲ್ಲ.

ಒಂಬತ್ತು ತಿಂಗಳು ದಾಟಿದ ಕೂಸು ನಿಮ್ಮ ಕಾಲ ಮೇಲೆ ಸುಮ್ಮನೆ ಮಲಗಿರುವುದಿಲ್ಲ, ಹೊರಳಿ ಅಂಬೆಗಾಲಿಗೆ ಬರುತ್ತದೆ. ಬರೀ ಉಚ್ಚೆಯಾಗಿದ್ದರೆ ಅದು ನಿಮ್ಮ ಹೆಗಲು ಹಿಡಿದು ನಿಂತಿರಲಿ, ಹಳೆಯದರ ಹೊಲಿಗೆ ಹರಿದು ತೆಗೆದು, ಚಡ್ಡಿಯನ್ನು ಒಂದೊಂದೇ ಕಾಲಿಗೆ ಏರಿಸಿ. ಚಡ್ಡಿಯ ಹಿಂಭಾಗವನ್ನು ಪೂರ್ತಿ ಮೇಲೆಳೆದಿರಾ ನೋಡಿ, ಸೊಂಟಕ್ಕಿಂತ ಕೆಳಗುಳಿದರೆ ಕೂತಾಗ ಮಲ ಬೆನ್ನಿಗೆ ಏರುತ್ತದೆ. ಕಕ್ಕವಾಗಿದ್ದರೆ ಮಲಗಿಸಲೇಬೇಕು. ಕೈಗೆ ಒಂದು ಸ್ಟೀಲ್ ಚಮಚ ಕೊಡಿ, ಮನೆಯಲ್ಲಿ ಆಡಲು ಕೊಡದ ವಸ್ತುವಾದರೆ ಇನ್ನೂ ಒಳ್ಳೆಯದು.

ಹೊಲಸು ಡೈಪರ್

ಗಟ್ಟಿ ಮಲವಿದ್ದರೆ ಸಂಡಾಸಿಗೆ ಜಾಡಿಸಿ. ಡೈಪರನ್ನು ಮುಂದಿನಿಂದ ಬಿಗಿಯಾಗಿ ಸುತ್ತಿ, ಅದರದೇ ಟೇಪಿನಿಂದ ಅಂಟಿಸಿ. ಚಡ್ಡಿ ತರಹದ್ದಕ್ಕೆ ಬೆನ್ನಿನ ಕಡೆ ಒಂದು ಉದ್ದ ಟೇಪು ಇರುವುದೇ ಈ ಕೆಲಸಕ್ಕೆ. ಸುರುಳಿಗೆ ಸುತ್ತಿದ್ದ ಹಾಳೆಯಲ್ಲೇ ಕಟ್ಟಿ, ಕವರಿನಲ್ಲಿ ಹಾಕಿ ಗಂಟು ಬಿಗಿಯಿರಿ. ಘನತ್ಯಾಜ್ಯ ನಿಯಮಗಳಲ್ಲೇ ಡೈಪರನ್ನು ಸರಿಯಾಗಿ ಸುತ್ತಿ ಕೊಡಬೇಕೆಂದು ಬರೆದಿದೆ. ಬುಟ್ಟಿ ಸಿಗದಿದ್ದರೆ ಚೀಲದಲ್ಲೇ ಮನೆಗೆ ಒಯ್ಯಿರಿ, ಎರಡು ಕವರು ಹಾಕಿದರೆ ವಾಸನೆ ಬರುವುದಿಲ್ಲ. ಸಂಡಾಸಿನೊಳಗೆ ಹಾಕಿದರೆ ಒಳಗಿನ ಪುಡಿ ನೀರು ಕುಡಿದು ಉಬ್ಬಿ ಕೊಳವೆ ಕಟ್ಟುತ್ತದೆ. ರೈಲಿನ ಬೋಗಿಯ ಕೆಳಗೆ ಈಗ ಜೈವಿಕ ಶೌಚಾಲಯದ ತೊಟ್ಟಿ ಇರುತ್ತದೆ, ಒಂದು ಡೈಪರ್ ಬಿದ್ದರೆ ಆ ಸಂಡಾಸು ಇಡೀ ಪ್ರಯಾಣಕ್ಕೆ ಕೆಡುತ್ತದೆ. ಕೂಡಲಸಂಗಮದಲ್ಲಿ, ಬನಶಂಕರಿಯ ಹರಿದ್ರಾ ತೀರ್ಥದಲ್ಲಿ, ಯಾವ ಹೊಳೆ ಕೆರೆಯಲ್ಲೂ ಕೂಸಿನ ಹೊಲಸು ಅರಿವಿ ಜಾಲಿಸಬೇಡಿ. ಆ ನೀರಿನಲ್ಲಿ ಜನ ಮೀಯುತ್ತಾರೆ, ಅದನ್ನೇ ಬಾಯಿಗೂ ಹಾಕಿಕೊಳ್ಳುತ್ತಾರೆ.

ಕೆಲವೊಮ್ಮೆ ಡೈಪರ್ ಒಡೆದು ಕೂಸಿನ ಚರ್ಮದ ಮೇಲೆ ಸಾಬುದಾಣಿಯಂಥ ಮಣಿಗಳು ಕಾಣುತ್ತವೆ. ಹೆದರಬೇಡಿ, ಅದು ಉಚ್ಚೆ ಹೀರಿ ಉಬ್ಬಿದ ಪುಡಿ. ವಿಷವಲ್ಲ, ಒದ್ದೆ ಅರಿವಿಯಿಂದ ಒರೆಸಿದರೆ ಹೋಗುತ್ತದೆ. ಕೂಸು ಬಾಯಿಗೆ ಹಾಕಿಕೊಳ್ಳದಂತೆ ನೋಡಿ. ಬದಲಿಸಲು ತಡವಾಗಿದೆ ಎಂಬುದರ ಗುರುತು ಅದು.

ಕೈಗೆ ಸಾಬೂನೇ ಬೇಕು. ಸ್ಯಾನಿಟೈಜರ್ ಹೊಲಸಿನ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಳೇ ಸಾಬೂನಿನ ಚೂರೊಂದನ್ನು ಡಬ್ಬಿಯಲ್ಲಿ ಒಯ್ಯಿರಿ, ಕೂಸಿನ ಕೈಯನ್ನೂ ತೊಳೆಯಿರಿ, ಅದು ಅಷ್ಟು ಹೊತ್ತು ಎಲ್ಲಿ ಮುಟ್ಟಿದೆ ಎಂದು ನಿಮಗೆ ಕಂಡಿರುವುದಿಲ್ಲ.

ಬಸ್ ನಿಲ್ದಾಣಗಳಿಗೆ ಏನಾದರೂ ಕೇಳುವುದಾದರೆ ನಾನು ಮೇಜು ಕೇಳುವುದಿಲ್ಲ. ಒಣ ಕಟ್ಟೆ, ನೀರು ಬರುವ ನಳ, ಮುಚ್ಚಳವಿರುವ ಕಸದ ಬುಟ್ಟಿ. ಈ ಮೂರು ಒಂದೇ ಮೂಲೆಯಲ್ಲಿದ್ದರೆ ತಾಯಂದಿರ ತ್ರಾಸು ಬಹುಪಾಲು ತಪ್ಪುತ್ತದೆ.

ಬಿಸಿಲು, ಗುಡ್ಡ, ಜಾತ್ರೆ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಡೈಪರ್ ತುಂಬಿಲ್ಲ ಎಂದು ಬಿಡಬೇಡಿ, ಎರಡು ಮೂರು ತಾಸಿಗೊಮ್ಮೆ ತೆಗೆಯಿರಿ. ಕಕ್ಕವಾಗಿದ್ದರೆ ಒಂದು ನಿಮಿಷವೂ ತಡೆಯಬೇಡಿ. ಉಚ್ಚೆಯೂ ಮಲವೂ ಕೂಡಿದಾಗ ಅಮೋನಿಯಾ ಹುಟ್ಟಿ ಚರ್ಮ ಕ್ಷಾರವಾಗುತ್ತದೆ, ಆಗ ಮಲದಲ್ಲಿನ ಕಿಣ್ವಗಳು ಚುರುಕಾಗಿ ಚರ್ಮವನ್ನು ತಿನ್ನುತ್ತವೆ. ಕೆಂಪು ಸಂದಿಯೊಳಗೂ ಹೋಗಿ, ಸುತ್ತ ಸಣ್ಣ ಸಣ್ಣ ಗುಳ್ಳೆ ಎದ್ದಿದ್ದರೆ ಅದು ಬೂಸ್ಟಿನ ಸೋಂಕು ಇರಬಹುದು, ಝಿಂಕ್ ಕ್ರೀಮಿಗೆ ಬಗ್ಗುವುದಿಲ್ಲ, ಡಾಕ್ಟರಿಗೆ ತೋರಿಸಿ. ಒಣಗಿದ ಡೈಪರ್ ಕಂಡರೂ ಎಚ್ಚರ ಬೇಕು. ಆರು ತಾಸು ಉಚ್ಚೆಯೇ ಇಲ್ಲ, ಬಾಯಿ ಒಣಗಿದೆ, ಕೂಸು ಮಂಕಾಗಿದೆ ಎಂದರೆ ಪ್ರಯಾಣ ಅಲ್ಲಿಗೆ ನಿಲ್ಲಿಸಿ ದವಾಖಾನೆಗೆ ಹೋಗಬೇಕು. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ನೀರು ಬೇಡ, ಮೊಲೆಹಾಲನ್ನೇ ಹೆಚ್ಚು ಸಲ ಕೊಡಿ. ಬಿಸಿಲಿಗೆ ನಿಂತ ಕಾರಿನೊಳಗೆ ಬದಲಿಸಲು ಹೋಗಬೇಡಿ, ರೆಕ್ಸಿನ್ ಸೀಟು ಕೂಸಿನ ಬೆನ್ನು ಸುಡುತ್ತದೆ.

ಬಾದಾಮಿಯಲ್ಲಿ ಮೆಟ್ಟಿಲು ಹತ್ತುವ ಮೊದಲೇ, ಕೆಳಗೆ ಗಾಡಿ ನಿಲ್ಲಿಸುವ ಕಡೆಯೇ ಬದಲಿಸಿಬಿಡಿ. ಮೇಲೆ ಮಂಗಗಳಿವೆ. ಅವು ಸದ್ದು ಮಾಡುವ ಕವರು ಕಂಡರೆ ತಿಂಡಿಯೆಂದೇ ಕಸಿಯುತ್ತವೆ, ಕೈಯಲ್ಲಿ ಕೂಸಿದ್ದಾಗ ಅದು ಅಪಾಯ. ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹೋಗುವ ಮೆಟ್ಟಿಲು ಇಕ್ಕಟ್ಟು, ಕಡಿದು, ಏಳು ಅಂತಸ್ತು. ಅಲ್ಲಿ ನಡುದಾರಿಯಲ್ಲಿ ಕೂಡಲು ಜಾಗವಿಲ್ಲ, ಹೊರಗಿನ ಹುಲ್ಲುಹಾಸಿನಲ್ಲಿ ಮರದ ನೆರಳು ನೋಡಿ ಮೊದಲೇ ಮುಗಿಸಿಕೊಳ್ಳಿ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಭಾರತ ಹುಣ್ಣಿಮೆಗೆ ಹೋದರೆ ಸಾಲಿಗೆ ನಿಲ್ಲುವ ಮೊದಲು ಬದಲಿಸಿ, ಎಂಥ ಡೈಪರ್ ಇದ್ದರೂ ಸಾಲಿನ ಮಧ್ಯದಿಂದ ಹೊರಬರಲು ಆಗುವುದಿಲ್ಲ.

ಓಡುವ ಬಸ್ಸಿನಲ್ಲಿ ಸೀಟಿನ ಮೇಲೆ ಮಲಗಿಸಿ ಬದಲಿಸಬಾರದು, ಒಂದು ಬ್ರೇಕಿಗೆ ಕೂಸು ಕೆಳಗೆ. "ಕಂಡಕ್ಟರ್ ಸಾಹೇಬ್ರ, ಮುಂದಿನ ಸ್ಟ್ಯಾಂಡಿನ್ಯಾಗ ಎಷ್ಟೊತ್ತು ನಿಲ್ಲತೈತ್ರಿ?" ಎಂದು ಒಂದು ಊರು ಮೊದಲೇ ಕೇಳಿ, ಸುರುಳಿ ಕೈಯಲ್ಲಿ ಹಿಡಿದು ಇಳಿಯಿರಿ. ರೈಲಿನಲ್ಲಿ ಕೆಳಗಿನ ಬರ್ತ್ ನಡೆಯುತ್ತದೆ. ಬರ್ತಿನ ಮೇಲೆಯೇ ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಮಲಗಿಸಿಕೊಳ್ಳಿ. ಹಾದಿಯ ಕಡೆ ಇನ್ನೊಬ್ಬರು ಕೂತಿರಲಿ.

ಅಪ್ಪಂದಿರಿಗೆ ಹೆಂಗಸರ ಕೋಣೆಗೆ ಹೋಗಲು ಬರುವುದಿಲ್ಲ, ಆದರೆ ಕಾಲು ಚಾಚಿ ಕೂಡಲು ಕೋಣೆಯೇ ಬೇಕಿಲ್ಲ. ಕೂಸಿನ ಅಪ್ಪನೂ ಮನೆಯಲ್ಲಿ ಹತ್ತು ಸಲ ಇದೇ ಭಂಗಿಯಲ್ಲಿ ಬದಲಿಸಿ ರೂಢಿ ಮಾಡಿಕೊಳ್ಳಲಿ. ಗಂಡಸರ ಕಾಲು ಉದ್ದ, ತೊಡೆ ಅಗಲ, ಕೂಸು ಇನ್ನೂ ಗಟ್ಟಿಯಾಗಿ ಕೂಡುತ್ತದೆ. ತಾಯಿ ಹಚಡವನ್ನು ಅಡ್ಡ ಹಿಡಿದರೆ ಮರೆಯೂ ಆಯಿತು, ನೆರಳೂ ಆಯಿತು.